ದೇವರ ಹೆಸರು ಬಂತು, ನೆಲದವರ ಹೆಸರು ಬರಲಿಲ್ಲ

ಆಸ್ಟ್ರೇಲಿಯಾದ ಆರು ಬ್ರಿಟಿಷ್ ವಸಾಹತುಗಳು ಒಂದು ದೇಶವಾಗಲು ಹೊರಟು ಸಂವಿಧಾನ ಬರೆಯಲು ಕೂತಾಗ ಜಗಳ ಎದ್ದ ವಿಷಯಗಳಲ್ಲಿ ದೇವರೂ ಒಬ್ಬ. 1897ರಲ್ಲಿ ಅಡಿಲೇಡ್‌ನಲ್ಲಿ ಸೇರಿದ ಸಂವಿಧಾನ ಸಮಾವೇಶಕ್ಕೆ ಚರ್ಚುಗಳಿಂದ ಕಟ್ಟುಗಟ್ಟಲೆ ಮನವಿಗಳು ಬಂದವು. ಬೇಡಿಕೆ ಒಂದೇ: ಪೀಠಿಕೆಯಲ್ಲಿ ದೇವರ ಹೆಸರಿರಬೇಕು. ಐರ್ಲೆಂಡ್‌ನಲ್ಲಿ ಹುಟ್ಟಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಕ್ಯಾಥೊಲಿಕ್ ವಕೀಲ ಪ್ಯಾಟ್ರಿಕ್ ಗ್ಲಿನ್ ಅದನ್ನು ಸಭೆಯ ಮುಂದಿಟ್ಟರು. ಸಭೆ ಒಪ್ಪಲಿಲ್ಲ. ಮನವಿಗಳು ಮಾತ್ರ ನಿಲ್ಲಲಿಲ್ಲ. ಮರುವರ್ಷ ಮೆಲ್ಬರ್ನ್ ಅಧಿವೇಶನದಲ್ಲಿ ಗ್ಲಿನ್ ಮತ್ತೆ ಎದ್ದರು, ಈ ಸಲ ಗೆದ್ದರು. ಸರ್ವಶಕ್ತನಾದ ದೇವರ ಆಶೀರ್ವಾದವನ್ನು ವಿನಯದಿಂದ ನಂಬಿ ಈ ಜನ ಒಂದಾಗುತ್ತಿದ್ದಾರೆ ಎಂಬ ಮಾತು ಪೀಠಿಕೆಗೆ ಸೇರಿತು.

ಇದರಿಂದ ಹೆದರಿದವರೂ ಧಾರ್ಮಿಕರೇ. ಶನಿವಾರವನ್ನು ಸಬ್ಬತ್ ಎಂದು ಆಚರಿಸುವ ಸೆವೆಂತ್ ಡೇ ಅಡ್ವೆಂಟಿಸ್ಟರಿಗೆ ಭಾನುವಾರ ಕೆಲಸ ಮಾಡಿದ್ದಕ್ಕೆ ಶಿಕ್ಷೆಯಾದ ಅನುಭವವಿತ್ತು. ಇಂದು ಪೀಠಿಕೆಯಲ್ಲಿ ದೇವರು ಬಂದರೆ ನಾಳೆ ಕಾನೂನಿನಲ್ಲಿ ಭಾನುವಾರ ಬರುತ್ತದೆ ಎಂದು ಅವರೂ ಎದುರು ಮನವಿ ಹಾಕಿದರು. ಅವರ ಭಯಕ್ಕೆ ಮದ್ದಾಗಿ ಹೆನ್ರಿ ಬೋರ್ನ್ಸ್ ಹಿಗ್ಗಿನ್ಸ್ ಅವರ ಒತ್ತಾಯದ ಮೇಲೆ 116ನೇ ಕಲಂ ಹುಟ್ಟಿತು. ಕೇಂದ್ರ ಸರ್ಕಾರ ಯಾವ ಮತವನ್ನೂ ಹೇರುವಂತಿಲ್ಲ, ಯಾವ ಮತದ ಆಚರಣೆಯನ್ನೂ ತಡೆಯುವಂತಿಲ್ಲ. ಒಟ್ಟಿನಲ್ಲಿ ದೊಡ್ಡ ಚರ್ಚುಗಳಿಗೂ ಸಿಕ್ಕಿತು, ಚಿಕ್ಕ ಪಂಗಡಕ್ಕೂ ಸಿಕ್ಕಿತು.

ಅದೇ ಸಂವಿಧಾನದಲ್ಲಿ ಇನ್ನೆರಡು ಸಾಲುಗಳಿದ್ದವು. ಯಾವುದೇ ಜನಾಂಗದ ಬಗ್ಗೆ ವಿಶೇಷ ಕಾನೂನು ಮಾಡುವ ಅಧಿಕಾರವನ್ನು 51ನೇ ಕಲಂ ಕೇಂದ್ರಕ್ಕೆ ಕೊಟ್ಟಿತು, ಆದರೆ ರಾಜ್ಯಗಳಲ್ಲಿರುವ ಮೂಲನಿವಾಸಿಗಳನ್ನು ಅದರಿಂದ ಹೊರಗಿಟ್ಟಿತು. ದೇಶದ ಜನಸಂಖ್ಯೆ ಎಣಿಸುವಾಗ ಮೂಲನಿವಾಸಿಗಳನ್ನು ಎಣಿಸಬಾರದು ಎಂದು 127ನೇ ಕಲಂ ಹೇಳಿತು. ಅಷ್ಟೊತ್ತಿಗೆ ಆ ನೆಲದಲ್ಲಿ ಅವರು ಐವತ್ತು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಬಾಳುತ್ತಿದ್ದರು. ಸಮಾವೇಶದಲ್ಲಿ ಒಬ್ಬ ಮೂಲನಿವಾಸಿಯೂ ಇರಲಿಲ್ಲ, ಒಬ್ಬ ಹೆಂಗಸೂ ಇರಲಿಲ್ಲ. ದೇವರಿಗಾಗಿ ಸುರಿದ ಮನವಿಗಳ ಮಳೆ ಇವರಿಗಾಗಿ ಸುರಿಯಲಿಲ್ಲ.

ಹಾಗಂತ ಚರ್ಚುಗಳಿಗೆ ಈ ಜನ ಗೊತ್ತಿರಲಿಲ್ಲವೆಂದಲ್ಲ. ಇವರ ನಡುವೆಯೇ ಬದುಕಿದ ಹೊರಗಿನವರಲ್ಲಿ ಮಿಷನರಿಗಳೇ ಮುಂದಿದ್ದರು. ಬಳ್ಳಾರಿಯ ಚರಿತ್ರೆ ಬಲ್ಲವರಿಗೆ ಲಂಡನ್ ಮಿಷನರಿ ಸೊಸೈಟಿಯ ಹೆಸರು ಹೊಸದಲ್ಲ. 1810ರಲ್ಲಿ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದು ನೆಲೆಸಿದ್ದು, ವಿಲಿಯಂ ರೀವ್ ಜೊತೆ ಸೇರಿ ಬೈಬಲನ್ನು ಕನ್ನಡಕ್ಕೆ ತಂದಿದ್ದು ಅದೇ ಸಂಸ್ಥೆಯ ಕೆಲಸ. 1820ರ ದಶಕದಲ್ಲಿ ಆ ಸೊಸೈಟಿಯ ಇನ್ನೊಬ್ಬ ಮಿಷನರಿ ಲ್ಯಾನ್ಸ್‌ಲಾಟ್ ಥ್ರೆಲ್ಕೆಲ್ಡ್ ಸಿಡ್ನಿಯ ಉತ್ತರಕ್ಕಿರುವ ಲೇಕ್ ಮಕ್ವಾರಿಯಲ್ಲಿ ಬಿರಬಾನ್ ಎಂಬ ಮೂಲನಿವಾಸಿ ಮುಖಂಡರಿಂದ ಭಾಷೆ ಕಲಿಯುತ್ತಿದ್ದರು. ಇಬ್ಬರೂ ಕೂತು ಲೂಕನ ಸುವಾರ್ತೆಯನ್ನು ಅವಬಕಲ್ ಭಾಷೆಗೆ ತಂದರು. ಥ್ರೆಲ್ಕೆಲ್ಡ್ ನ್ಯಾಯಾಲಯದಲ್ಲಿ ದುಭಾಷಿಯಾಗಿಯೂ ನಿಲ್ಲುತ್ತಿದ್ದರು. ಅಲ್ಲಿ ಕಂಡದ್ದು ಅವರನ್ನು ಕಾಡಿತು: ಬೈಬಲಿನ ದೇವರನ್ನು ನಂಬದವರು ಪ್ರಮಾಣ ಮಾಡಲಾರರು, ಪ್ರಮಾಣ ಮಾಡದವರ ಸಾಕ್ಷ್ಯ ನಡೆಯದು. ಹೀಗಾಗಿ ತಮ್ಮವರನ್ನು ಕೊಂದವನ ಎದುರು ನಿಂತು ಮಾತಾಡುವ ಹಕ್ಕೂ ಈ ಜನಕ್ಕಿರಲಿಲ್ಲ. ಥ್ರೆಲ್ಕೆಲ್ಡ್ ಇದನ್ನು ಬರೆದು ಬರೆದು ಸರ್ಕಾರಕ್ಕೆ ಒಪ್ಪಿಸಿದರು. ಸೊಸೈಟಿ ಮಾತ್ರ ಖರ್ಚು ಹೆಚ್ಚಾಯಿತೆಂದು 1828ರಲ್ಲಿ ಅವರ ಕೈ ಬಿಟ್ಟಿತ್ತು.

ಈ ಮಾದರಿ ಮುಂದೆಯೂ ಕಾಣುತ್ತದೆ. ಒಬ್ಬ ಪಾದ್ರಿ ಬಾಯಿ ಬಿಡುತ್ತಾನೆ, ಅವನ ಸಂಸ್ಥೆ ದೂರ ಸರಿಯುತ್ತದೆ. ಆಂಗ್ಲಿಕನ್ ಮಿಷನರಿ ಜಾನ್ ಗ್ರಿಬಲ್ 1880ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿ ಸಾಕಣೆದಾರರು ಮೂಲನಿವಾಸಿಗಳನ್ನು ಜೀತದಂತೆ ದುಡಿಸಿಕೊಳ್ಳುವುದನ್ನು ಬಯಲಿಗೆಳೆದು 1886ರಲ್ಲಿ ಒಂದು ಕಿರುಹೊತ್ತಿಗೆ ಪ್ರಕಟಿಸಿದರು. ಪರ್ತ್‌ನ ಪತ್ರಿಕೆಯೊಂದು ಅವರನ್ನು ಸುಳ್ಳುಗಾರನೆಂದಿತು. ಅದರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ ಸೋತರು. ಅಲ್ಲಿನ ಚರ್ಚಿನ ಹಿರಿಯರ ಬೆಂಬಲವೂ ಅವರಿಗೆ ಉಳಿಯಲಿಲ್ಲ.

ಇನ್ನೊಂದು ಮುಖವೂ ಇತ್ತು. ಮಿಷನ್‌ಗಳ ವಸತಿಗೃಹಗಳಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆಯಾಗಿಟ್ಟು, ಭಾಷೆ ಬಿಡಿಸಿ, ಹಾಡು ಕುಣಿತಗಳನ್ನು ಸೈತಾನನ ಕೆಲಸವೆಂದು ಕಲಿಸಿದ್ದೂ ಇದೇ ಪಾದ್ರಿ ಪರಂಪರೆ. 1997ರಲ್ಲಿ ಸಂಸತ್ತಿನ ಮುಂದೆ ಬಂದ ವಿಚಾರಣಾ ವರದಿಯ ಪ್ರಕಾರ 1910ರಿಂದ 1970ರವರೆಗೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಲವಂತವಾಗಿ ಒಯ್ಯಲಾಗಿತ್ತು. ಸರ್ಕಾರ ಒಯ್ದಿತು, ಅನೇಕ ಕಡೆ ಇಟ್ಟುಕೊಂಡದ್ದು ಚರ್ಚು.

ಆದರೂ ಆ ಮಿಷನ್ ಶಾಲೆಗಳಿಂದಲೇ ಸಂವಿಧಾನವನ್ನು ಪ್ರಶ್ನಿಸುವವರು ಬಂದರು. ಮರ್ರೆ ನದಿಯ ದಡದ ಮಲೋಗಾ ಮಿಷನ್ ಅದಕ್ಕೆ ಒಳ್ಳೆಯ ಉದಾಹರಣೆ. ಡೇನಿಯಲ್ ಮ್ಯಾಥ್ಯೂಸ್ 1874ರಲ್ಲಿ ಕಟ್ಟಿದ ಆ ಮಿಷನ್ನಿಗೆ ಮೇಷ್ಟ್ರಾಗಿ ಬಂದವರು ಥಾಮಸ್ ಶಾಡ್ರಕ್ ಜೇಮ್ಸ್. ಹುಟ್ಟಿದ್ದು ಮಾರಿಷಸ್‌ನಲ್ಲಿ, ಮೂಲ ಭಾರತದ್ದು. ಯೊರ್ಟಾ ಯೊರ್ಟಾ ಸಮುದಾಯದ ಹೆಣ್ಣನ್ನು ಮದುವೆಯಾಗಿ, ಮಿಷನ್ ಅಲ್ಲಿಂದ ಕಮ್ಮರಗುಂಜಾಕ್ಕೆ ಸ್ಥಳಾಂತರವಾದಾಗ ತಾವೂ ಹೋಗಿ, ದಶಕಗಳ ಕಾಲ ಪಾಠ ಹೇಳಿದರು. ಇಪ್ಪತ್ತನೇ ಶತಮಾನದ ಮೂಲನಿವಾಸಿ ಹೋರಾಟದ ದೊಡ್ಡ ಹೆಸರುಗಳಲ್ಲಿ ಹಲವು ಅವರ ತರಗತಿಯಿಂದ ಬಂದವು. ಭಾರತದ ಇತಿಹಾಸ ಪುಸ್ತಕಗಳಲ್ಲಿ ಈ ಮೇಷ್ಟ್ರ ಹೆಸರು ಕಾಣುವುದೇ ಇಲ್ಲ, ಕಾಣಬೇಕಿತ್ತು.

ಅವರ ಭಾವಮೈದುನ ವಿಲಿಯಂ ಕೂಪರ್. ಕುರಿ ತುಪ್ಪಟ ಕತ್ತರಿಸುವ ಕೂಲಿ, ಬೈಬಲನ್ನು ಚೆನ್ನಾಗಿ ಓದಿಕೊಂಡ ಕ್ರೈಸ್ತ. ಎಪ್ಪತ್ತು ದಾಟಿದ ಮೇಲೆ ಮೆಲ್ಬರ್ನ್‌ಗೆ ಬಂದು ಹೋರಾಟಕ್ಕೆ ಇಳಿದರು. 1933ರಿಂದ ಊರೂರಿನಿಂದ ಸಹಿ ಸಂಗ್ರಹಿಸಿ ಐದನೇ ಜಾರ್ಜ್ ದೊರೆಗೆ ಒಂದು ಮನವಿ ಸಿದ್ಧಪಡಿಸಿದರು. 1,814 ಸಹಿಗಳು. ಅದರಲ್ಲಿದ್ದ ಒಂದು ಕೋರಿಕೆ, ಸಂಸತ್ತಿನಲ್ಲಿ ತಮ್ಮ ಜನರ ಪರವಾಗಿ ಮಾತಾಡಲು ಒಬ್ಬ ಪ್ರತಿನಿಧಿ ಬೇಕು ಎಂಬುದು. ಭಾರತದ ಸಂವಿಧಾನ 1950ರಲ್ಲೇ ಪರಿಶಿಷ್ಟ ಪಂಗಡಗಳಿಗೆ ಲೋಕಸಭೆಯಲ್ಲಿ ಮೀಸಲು ಸ್ಥಾನ ಕೊಟ್ಟದ್ದನ್ನು ಕಂಡವರಿಗೆ ಈ ಬೇಡಿಕೆ ಅತಿಯೇನೂ ಅನ್ನಿಸದು. ಆದರೆ ಜೋಸೆಫ್ ಲಯನ್ಸ್ ಸಂಪುಟ 1938ರಲ್ಲಿ ಮನವಿಯನ್ನು ದೊರೆಗೆ ಕಳಿಸುವುದೇ ಬೇಡವೆಂದು ತೀರ್ಮಾನಿಸಿತು. ಅಷ್ಟರಲ್ಲಿ ಐದನೇ ಜಾರ್ಜ್ ತೀರಿಕೊಂಡು ಎರಡು ವರ್ಷವಾಗಿತ್ತು.

ಕೂಪರ್ ಅದೇ ವರ್ಷ ಇನ್ನೊಂದು ಕೆಲಸ ಮಾಡಿದರು. ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ನಾತ್ಸಿಗಳು ದಾಳಿ ಮಾಡಿದ ಸುದ್ದಿ ಬಂದಾಗ, ಡಿಸೆಂಬರ್ 6ರಂದು ತಮ್ಮವರನ್ನು ಕರೆದುಕೊಂಡು ಮೆಲ್ಬರ್ನ್‌ನ ಜರ್ಮನ್ ದೂತಕಚೇರಿಗೆ ಪ್ರತಿಭಟನಾ ಪತ್ರ ಹಿಡಿದು ನಡೆದರು. ಕಚೇರಿ ಪತ್ರ ತೆಗೆದುಕೊಳ್ಳಲಿಲ್ಲ. ತನ್ನ ದೇಶದ ಜನಸಂಖ್ಯೆಯ ಎಣಿಕೆಗೇ ಬಾರದ ಮನುಷ್ಯ ಇನ್ನೊಂದು ದೇಶದ ಜನರ ಪರ ನಿಂತ ಈ ಘಟನೆಯನ್ನು ಆಸ್ಟ್ರೇಲಿಯಾದ ಯಹೂದಿ ಸಮುದಾಯ ಮರೆಯಲಿಲ್ಲ. ಎಪ್ಪತ್ತು ವರ್ಷಗಳ ನಂತರ ಮೂಲನಿವಾಸಿಗಳಿಗೆ ಸಂವಿಧಾನದಲ್ಲಿ ಮಾನ್ಯತೆ ಕೊಡುವ ಚರ್ಚೆಯಲ್ಲಿ ಯಹೂದಿ ಮುಖಂಡರು ಮುಂಚೂಣಿಯಲ್ಲಿದ್ದಾಗ ಕೂಪರ್ ಹೆಸರು ಮತ್ತೆ ಮತ್ತೆ ಕೇಳಿಬಂತು.

ಚರ್ಚುಗಳಿಂದ ಕೂಪರ್ ಕೇಳಿದ್ದು ಸಣ್ಣದು. ಬಿಳಿಯರು ಬಂದ ದಿನವೆಂದು ಆಚರಿಸುವ ಜನವರಿ 26ಕ್ಕೆ ಹತ್ತಿರದ ಭಾನುವಾರವನ್ನು ಮೂಲನಿವಾಸಿಗಳ ದಿನವೆಂದು ಪ್ರಾರ್ಥನೆಯಲ್ಲಿ ನೆನೆಯಿರಿ ಎಂದು ಪತ್ರ ಬರೆದರು. 1940ರಿಂದ ಹಲವು ಚರ್ಚುಗಳು ಅದನ್ನು ಪಾಲಿಸಿದವು. 1950ರ ದಶಕದ ನಡುವೆ ಆಚರಣೆ ಜುಲೈಗೆ ಸರಿಯಿತು. ಇಂದು ದೇಶವಿಡೀ ನಡೆಯುವ ಮೂಲನಿವಾಸಿ ಸಪ್ತಾಹದ ಬೇರು ಅಲ್ಲಿದೆ. ಕೂಪರ್ ಅವರ ಹಿಂದೆ ನಡೆದವರಲ್ಲಿ ಡಗ್ ನಿಕಲ್ಸ್ ಹೆಸರಾದ ಫುಟ್‌ಬಾಲ್ ಆಟಗಾರ. ಆಮೇಲೆ ಚರ್ಚಸ್ ಆಫ್ ಕ್ರೈಸ್ಟ್ ಪಂಗಡದ ಪಾದ್ರಿಯಾದರು, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯಪಾಲರಾದರು.

1963 ಚರ್ಚುಗಳ ನಿಜವಾದ ಪರೀಕ್ಷೆಯ ವರ್ಷ. ದೇಶದ ಉತ್ತರ ತುದಿಯ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ಯಿರ್ರ್‌ಕಲಾ ಎಂಬ ಮೆಥೊಡಿಸ್ಟ್ ಮಿಷನ್ ಇತ್ತು. ಅಲ್ಲಿ ಹೊಸ ಚರ್ಚು ಕಟ್ಟುವಾಗ ಅಲ್ಲಿನ ಮೂಲನಿವಾಸಿಗಳಾದ ಯೊಲ್ಂಗು ಜನರ ಹಿರಿಯರು ಒಂದು ಯೋಚನೆ ಮಾಡಿದರು. ಅವರ ಲೋಕ ದುವಾ, ಯಿರ್ರಿಚಾ ಎಂದು ಎರಡು ಪಾಲು. ಮನುಷ್ಯ, ಮರ, ಮೀನು, ಗಾಳಿ ಎಲ್ಲವೂ ಈ ಎರಡರಲ್ಲಿ ಒಂದಕ್ಕೆ ಸೇರಿದ್ದು. ಎರಡೂ ಪಾಲಿನ ಕಲಾವಿದರು ತಲಾ ಹನ್ನೆರಡು ಅಡಿ ಉದ್ದದ ಹಲಗೆಯ ಮೇಲೆ ತಮ್ಮ ತಮ್ಮ ಪೂರ್ವಜರ ಪಯಣ, ನೆಲ, ನೀರಿನ ಚಿತ್ರ ಬರೆದು ಶಿಲುಬೆಯ ಎರಡೂ ಬದಿಗೆ ನಿಲ್ಲಿಸಿದರು. ಮಿಷನ್ನಿನ ಮುಖ್ಯಸ್ಥ ಎಡ್ಗರ್ ವೆಲ್ಸ್ ಅದನ್ನು ಸ್ವಾಗತಿಸಿದರು. ನೋಡುವವರಿಗೆ ಅದು ಅಲಂಕಾರ. ಬರೆದವರಿಗೆ ಅದು ಭೂದಾಖಲೆ. ನಮ್ಮ ಪಹಣಿಯಲ್ಲಿ ಸರ್ವೆ ನಂಬರು, ಚಕ್ಕುಬಂದಿ ಇರುವ ಹಾಗೆ ಆ ಚಿತ್ರಗಳಲ್ಲಿ ಯಾವ ಕುಲಕ್ಕೆ ಯಾವ ನೆಲ ಎಂಬುದು ಇತ್ತು.

ದಾಖಲೆಯ ಅಗತ್ಯ ಬೇಗನೆ ಬಂತು. ಆ ಪ್ರದೇಶದಲ್ಲಿ ಬಾಕ್ಸೈಟ್ ಇತ್ತು. ಸರ್ಕಾರ ಮೀಸಲು ಪ್ರದೇಶದಿಂದ ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ ಕತ್ತರಿಸಿ ಗಣಿಗಾರಿಕೆಗೆ ಕೊಟ್ಟಿತು. ಮೆಥೊಡಿಸ್ಟ್ ಚರ್ಚಿನ ಹಿರಿಯರು ಸರ್ಕಾರ ಮತ್ತು ಕಂಪನಿಗಳ ಜೊತೆ ಮಾತಾಡಿ ಒಪ್ಪಿದ್ದರು, ಅಲ್ಲಿ ಬದುಕುವವರನ್ನು ಕೇಳಿರಲಿಲ್ಲ. ವೆಲ್ಸ್ ಸುಮ್ಮನಿರದೆ ಪತ್ರಿಕೆಗಳಿಗೂ ರಾಜಕಾರಣಿಗಳಿಗೂ ತಂತಿ ಕಳಿಸಿದರು. ಸುದ್ದಿ ತಿಳಿದು ಬಂದ ಸಂಸದರಲ್ಲಿ ಕಿಮ್ ಬೀಸ್ಲಿ ಒಬ್ಬರು, ಲೇಬರ್ ಪಕ್ಷದ ಧರ್ಮನಿಷ್ಠರು. ಚರ್ಚಿನೊಳಗಿನ ಆ ಹಲಗೆಗಳನ್ನು ಕಂಡು, ನಿಮ್ಮ ಮನವಿಯನ್ನೂ ಹೀಗೇ ಚಿತ್ರ ಬರೆದು ಕಳಿಸಿ ಎಂದು ಅವರು ಸೂಚಿಸಿದರು. ಯೊಲ್ಂಗು ಜನ ಮರದ ತೊಗಟೆಯ ಅಂಚಿಗೆ ತಮ್ಮ ಕುಲಗಳ ಚಿತ್ರ ಬರೆದು, ನಡುವೆ ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಟೈಪು ಮಾಡಿದ ಮನವಿಯನ್ನು ಅಂಟಿಸಿದರು. 1963ರ ಆಗಸ್ಟ್‌ನಲ್ಲಿ ಅದು ಕ್ಯಾನ್‌ಬೆರಾದ ಸಂಸತ್ತಿಗೆ ಹೋಯಿತು. ಸಂಸತ್ತು ಒಂದು ಸಮಿತಿ ನೇಮಿಸಿತು, ಆ ಸಮಿತಿ ಪರಿಹಾರ ಕೊಡಿ, ಪವಿತ್ರ ತಾಣಗಳನ್ನು ಕಾಪಾಡಿ ಎಂದಿತು. ಗಣಿ ಮಾತ್ರ ಬಂತು.

ವೆಲ್ಸ್ ಅವರಿಗೆ ಆದದ್ದು? ಅವರದೇ ಚರ್ಚು ಅವರನ್ನು ಯಿರ್ರ್‌ಕಲಾದಿಂದ ತೆಗೆಯಿತು. ಆ ಹಲಗೆಗಳ ಗತಿಯೂ ಚೆನ್ನಾಗಿರಲಿಲ್ಲ. 1970ರ ದಶಕದಲ್ಲಿ ಕ್ರೈಸ್ತ ದೇವಾಲಯಕ್ಕೆ ಇವು ತಕ್ಕವಲ್ಲವೆಂದು ಹೊರಗೆ ಹಾಕಲಾಯಿತು. ಅದೃಷ್ಟಕ್ಕೆ ಉಳಿದವು, ಈಗ ಅದೇ ಊರಿನ ಕಲಾಕೇಂದ್ರದಲ್ಲಿವೆ.

ಅದೇ 1963ರ ನವೆಂಬರ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮಪೂನ್ ಎಂಬ ಪ್ರೆಸ್ಬಿಟೇರಿಯನ್ ಮಿಷನ್ನಿಗೆ ಪೊಲೀಸರು ಬಂದು, ಹೊರಡಲು ಒಪ್ಪದ ಕುಟುಂಬಗಳನ್ನು ದೋಣಿ ಹತ್ತಿಸಿ ಸಾಗಿಸಿದರು. ಮನೆಗಳಿಗೂ ಚರ್ಚಿಗೂ ಬೆಂಕಿ ಬಿತ್ತು. ಮಿಷನ್ ಮುಚ್ಚಲು ಚರ್ಚು ಮೊದಲೇ ಒಪ್ಪಿತ್ತು. ಅಲ್ಲಿಯೂ ನೆಲದಡಿ ಬಾಕ್ಸೈಟ್ ಇತ್ತು.

ನಾಲ್ಕು ವರ್ಷದ ನಂತರ, 1967ರ ಮೇ 27ರಂದು, 51ನೇ ಕಲಂನ ಹೊರಗಿಡುವ ಮಾತನ್ನೂ 127ನೇ ಕಲಮನ್ನೂ ತೆಗೆಯಬೇಕೇ ಎಂದು ಜನಮತಗಣನೆ ನಡೆಯಿತು. ಶೇ 90.77 ಮಂದಿ ಹೌದು ಎಂದರು. ಇಂಥ ಬಹುಮತ ಆ ದೇಶದಲ್ಲಿ ಮೊದಲೂ ಇಲ್ಲ, ಆಮೇಲೂ ಇಲ್ಲ. ಸಂಸತ್ತಿನಲ್ಲಿ ಯಾರೂ ವಿರೋಧಿಸದ ಕಾರಣ ಮತದಾರರಿಗೆ ಕಳಿಸಿದ ಸರ್ಕಾರಿ ಕರಪತ್ರದಲ್ಲಿ ಇದಕ್ಕೆ ‘ಬೇಡ’ ಪಕ್ಷದ ವಾದವೇ ಇರಲಿಲ್ಲ. ಚರ್ಚುಗಳೂ, ಕಾರ್ಮಿಕ ಸಂಘಗಳೂ, ಮಹಿಳಾ ಸಂಘಟನೆಗಳೂ ಒಂದೇ ದನಿಯಲ್ಲಿ ಪ್ರಚಾರ ಮಾಡಿದವು. ಪ್ರಚಾರದ ಮುಖವಾಗಿದ್ದ ಫೇತ್ ಬ್ಯಾಂಡ್ಲರ್ ಅವರ ತಂದೆ ಪೆಸಿಫಿಕ್ ದ್ವೀಪದಿಂದ ಕಬ್ಬಿನ ಗದ್ದೆಗೆ ತರಲ್ಪಟ್ಟವರು, ಮುಂದೆ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವರು. ಆದರೆ 1967 ಅಳಿಸಿತೇ ಹೊರತು ಬರೆಯಲಿಲ್ಲ. ಹೊರಗಿಡುವ ಮಾತು ಹೋದ ಮೇಲೆ ಸಂವಿಧಾನದಲ್ಲಿ ಮೂಲನಿವಾಸಿಗಳ ಪ್ರಸ್ತಾಪವೇ ಇಲ್ಲದಂತಾಯಿತು.

ಬರೆಯಬೇಕೆಂಬ ಮಾತಿಗೆ ಬಲ ಬಂದದ್ದು 1980ರ ದಶಕದಲ್ಲಿ, ಅದರಲ್ಲಿ ಧರ್ಮಪೀಠಗಳ ಪಾತ್ರ ದೊಡ್ಡದು. 1986ರ ನವೆಂಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳ ಮುಂದೆ ನಿಂತು, ನಿಮ್ಮ ಕೊಡುಗೆಯನ್ನು ಸಂತೋಷದಿಂದ ಸ್ವೀಕರಿಸುವವರೆಗೆ ಆಸ್ಟ್ರೇಲಿಯಾದ ಚರ್ಚು ಪೂರ್ಣವಾಗದು ಎಂಬರ್ಥದ ಮಾತು ಹೇಳಿದರು. 1988ರಲ್ಲಿ ಬಿಳಿಯರು ಬಂದ ಇನ್ನೂರನೇ ವರ್ಷದ ಸಂಭ್ರಮ. ಪಾದ್ರಿ ಚಾರ್ಲ್ಸ್ ಹ್ಯಾರಿಸ್ ಮುಂದಾಳತ್ವದಲ್ಲಿ ಜನವರಿ 26ರಂದು ಸಿಡ್ನಿಯಲ್ಲಿ ಸಾವಿರಾರು ಜನ ಮೆರವಣಿಗೆ ನಡೆದರು. ಅದೇ ವರ್ಷ ಚರ್ಚುಗಳ ಮುಖ್ಯಸ್ಥರು ಒಂದು ನಿರ್ಣಯದ ಕರಡು ಬರೆದು ಸರ್ಕಾರಕ್ಕೆ ಕೊಟ್ಟರು. ಹೊಸ ಸಂಸತ್ ಭವನದಲ್ಲಿ ಆಗಸ್ಟ್‌ನಲ್ಲಿ ಮಂಡನೆಯಾದ ಮೊದಲ ನಿರ್ಣಯ ಅದರಿಂದ ಹುಟ್ಟಿದ್ದು. ಈ ನೆಲ ಮೊದಲು ಮೂಲನಿವಾಸಿಗಳದ್ದಾಗಿತ್ತು ಎಂದು ಅದು ಒಪ್ಪಿತು. ವಿರೋಧ ಪಕ್ಷ ಜೊತೆಗೂಡಲಿಲ್ಲ. 1991ರಲ್ಲಿ ಸ್ಥಾಪನೆಯಾದ ಸಮನ್ವಯ ಮಂಡಳಿಗೆ ಅಧ್ಯಕ್ಷರಾದವರು ಪ್ಯಾಟ್ ಡಾಡ್ಸನ್. 1975ರಲ್ಲಿ ದೀಕ್ಷೆ ಪಡೆದ ಮೊದಲ ಮೂಲನಿವಾಸಿ ಕ್ಯಾಥೊಲಿಕ್ ಪಾದ್ರಿ ಅವರೇ. ತಮ್ಮ ಜನರ ನಂಬಿಕೆಗೂ ಚರ್ಚಿನ ಶಿಸ್ತಿಗೂ ನಡುವೆ ಸಿಕ್ಕಿ ಕೆಲವೇ ವರ್ಷಗಳಲ್ಲಿ ಪಾದ್ರಿತನ ಬಿಟ್ಟಿದ್ದರು.

1992ರಲ್ಲಿ ಮಾಬೊ ತೀರ್ಪು ಬಂತು. ಬಿಳಿಯರು ಬರುವ ಮೊದಲು ಈ ನೆಲಕ್ಕೆ ಒಡೆಯರಿರಲಿಲ್ಲ ಎಂಬ ಕಾನೂನಿನ ಕಟ್ಟುಕಥೆಯನ್ನು ಹೈಕೋರ್ಟ್ ಕಿತ್ತುಹಾಕಿತು. ಅಲ್ಲಿ ಹೈಕೋರ್ಟ್ ಎಂದರೆ ದೇಶದ ಅತ್ಯುನ್ನತ ನ್ಯಾಯಾಲಯ. ಟೊರೆಸ್ ಜಲಸಂಧಿಯ ಮೇರ್ ದ್ವೀಪದಿಂದ ಎಡ್ಡಿ ಮಾಬೊ ಜೊತೆ ವಾದಿಯಾಗಿದ್ದವರಲ್ಲಿ ಡೇವ್ ಪಾಸಿ ಆಂಗ್ಲಿಕನ್ ಪಾದ್ರಿ. ದ್ವೀಪದ ದೈವ ಮಾಲೊವಿನ ಕಟ್ಟಳೆಯೂ ಕ್ರಿಸ್ತನ ಬೋಧನೆಯೂ ತಮಗೆ ಪರಸ್ಪರ ವಿರುದ್ಧವಲ್ಲವೆಂದು ಹೇಳಿದವರು. ಮುಖ್ಯ ತೀರ್ಪು ಬರೆದದ್ದು ನ್ಯಾಯಮೂರ್ತಿ ಜೆರಾರ್ಡ್ ಬ್ರೆನನ್. ಅವರ ಮಗ ಫ್ರಾಂಕ್ ಬ್ರೆನನ್ ಯೇಸುಸಭೆಯ ಪಾದ್ರಿ, ಮೂಲನಿವಾಸಿಗಳ ಸಂವಿಧಾನ ಮಾನ್ಯತೆಯ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದವರು.

ಅದೇ ನ್ಯಾಯಾಲಯ 1997ರಲ್ಲಿ ಇನ್ನೊಂದು ಮೊಕದ್ದಮೆಯನ್ನು ತಳ್ಳಿಹಾಕಿದ್ದು ಅಷ್ಟು ಪ್ರಸಿದ್ಧವಲ್ಲ. ಮಕ್ಕಳಾಗಿದ್ದಾಗ ಮನೆಯಿಂದ ಒಯ್ಯಲ್ಪಟ್ಟಿದ್ದ ಅಲೆಕ್ ಕ್ರೂಗರ್ ಮತ್ತಿತರರು 116ನೇ ಕಲಮನ್ನು ಹಿಡಿದು ಹೋಗಿದ್ದರು. ನಮ್ಮನ್ನು ನಮ್ಮ ಜನರಿಂದ ಕಿತ್ತಾಗ ನಮ್ಮ ಧರ್ಮದಿಂದಲೂ ಕಿತ್ತಂತಾಯಿತು ಎಂಬುದು ಅವರ ವಾದಗಳಲ್ಲಿ ಒಂದು. ಧರ್ಮಾಚರಣೆ ತಡೆಯುವುದು ಆ ಕಾನೂನಿನ ಉದ್ದೇಶವಾಗಿರಲಿಲ್ಲ ಎಂದು ಬಹುಮತ ತೀರ್ಮಾನಿಸಿತು. ನೂರು ವರ್ಷದ ಹಿಂದೆ ಒಂದು ಸಣ್ಣ ಕ್ರೈಸ್ತ ಪಂಗಡದ ಶನಿವಾರಕ್ಕಾಗಿ ಕಟ್ಟಿದ ಬೇಲಿ ಈ ಮಕ್ಕಳ ಕಾಲಕ್ಕೆ ಆಸರೆಯಾಗಲಿಲ್ಲ. 1999ರಲ್ಲಿ ದೇವರ ಮೇಲಿನ ಭರವಸೆಯನ್ನೂ ಮೂಲನಿವಾಸಿಗಳ ಗೌರವವನ್ನೂ ಒಟ್ಟಿಗೆ ಹೇಳುವ ಹೊಸ ಪೀಠಿಕೆಯನ್ನು ಜನಮತಗಣನೆಯಲ್ಲಿ ಜನರ ಮುಂದಿಡಲಾಯಿತು. ಮೂಲನಿವಾಸಿ ಮುಖಂಡರಲ್ಲಿ ಹಲವರಿಗೇ ಅದು ಸಪ್ಪೆಯೆನಿಸಿತ್ತು. ಶೇ 39.34 ಮತ ಬಿದ್ದು ಸೋತಿತು.

ದೇಶ ಮಾಡಲಾಗದ್ದನ್ನು ಒಂದು ಚರ್ಚು ತನ್ನ ಮನೆಯೊಳಗೆ ಮಾಡಿತು. ಮೆಥೊಡಿಸ್ಟ್, ಕಾಂಗ್ರಿಗೇಷನಲ್ ಚರ್ಚುಗಳೂ ಪ್ರೆಸ್ಬಿಟೇರಿಯನ್ನರಲ್ಲಿ ಬಹುಪಾಲೂ 1977ರಲ್ಲಿ ಕೂಡಿ ಯುನೈಟಿಂಗ್ ಚರ್ಚು ಆದವು. ಅಂದರೆ ಯಿರ್ರ್‌ಕಲಾ, ಮಪೂನ್‌ಗಳ ಲೆಕ್ಕ ಇದರ ತಲೆಯ ಮೇಲೆಯೇ ಇತ್ತು. 1985ರಲ್ಲಿ ಚಾರ್ಲ್ಸ್ ಹ್ಯಾರಿಸ್ ಮತ್ತು ಗೆಳೆಯರು ಆ ಚರ್ಚಿನೊಳಗೇ ಮೂಲನಿವಾಸಿಗಳದೇ ಆಡಳಿತದ ಕಾಂಗ್ರೆಸ್ ಎಂಬ ಸಂಘಟನೆ ಕಟ್ಟಿದ್ದರು. 2009ರಲ್ಲಿ ರಾಷ್ಟ್ರೀಯ ಸಭೆ ಚರ್ಚಿನ ಸಂವಿಧಾನಕ್ಕೆ ಹೊಸ ಪೀಠಿಕೆ ಒಪ್ಪಿತು. ವಸಾಹತುಗಾರರು ಬರುವ ಮೊದಲೇ ಈ ನೆಲದ ಮೂಲಜನರು ಸೃಷ್ಟಿಕರ್ತನನ್ನು ಕಂಡಿದ್ದರು, ಅವರ ಕಟ್ಟಳೆ, ಪದ್ಧತಿ, ಆಚರಣೆಗಳಲ್ಲಿ ದೇವರು ಪ್ರಕಟವಾಗುತ್ತಿದ್ದ, ನೆಲ ಕಸಿಯುವುದರಲ್ಲಿ ಚರ್ಚುಗಳೂ ಪಾಲುದಾರರಾಗಿದ್ದವು ಎಂಬುದು ಅದರ ಸಾರ.

ಇದು ಸುಲಭದ ಮಾತಲ್ಲ. ಕ್ರಿಸ್ತನ ಹೆಸರೇ ಕೇಳದವರು ದೇವರನ್ನು ಕಂಡಿದ್ದರು ಎಂದರೆ ಮಿಷನರಿಗಳು ಹಡಗು ಹತ್ತಿ ಬಂದದ್ದು ಯಾತಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಚರ್ಚಿನೊಳಗೆ ಎದ್ದಿತು ಕೂಡ. ದೇವತಾಶಾಸ್ತ್ರದ ಮೇಷ್ಟ್ರುಗಳು ಹುಬ್ಬೇರಿಸಿದರು, ಕೆಲವು ಸದಸ್ಯರು ಸಿಟ್ಟಾದರು. ಆದರೂ ಪ್ರಾಂತೀಯ ಸಭೆಗಳ ಒಪ್ಪಿಗೆ ಪಡೆದು ಅದು ಜಾರಿಗೆ ಬಂತು. ಬೇರೆಯವರ ಸಂವಿಧಾನ ತಿದ್ದಲು ಸಲಹೆ ಕೊಡುವುದಕ್ಕಿಂತ ತನ್ನದನ್ನು ತಿದ್ದಿಕೊಳ್ಳುವುದು ಕಷ್ಟ. ಈ ಇಡೀ ಚರಿತ್ರೆಯಲ್ಲಿ ಧಾರ್ಮಿಕ ಸಂಸ್ಥೆಯೊಂದು ತನ್ನ ನಂಬಿಕೆಯನ್ನೇ ಪಣಕ್ಕಿಟ್ಟ ಪ್ರಸಂಗಗಳು ಕಡಿಮೆ, ಅವುಗಳಲ್ಲಿ ಇದಕ್ಕೆ ಮೊದಲ ಸಾಲು.

2017ರ ಮೇ 26ರಂದು ಉಲುರು ಬಂಡೆಯ ಬಳಿ ಸೇರಿದ ಮೂಲನಿವಾಸಿ ಪ್ರತಿನಿಧಿಗಳು ಒಂದು ಪುಟದ ಹೇಳಿಕೆ ಹೊರಡಿಸಿದರು. ಸಂವಿಧಾನದಲ್ಲಿ ನಮಗೊಂದು ದನಿ ಬೇಕು: ನಮ್ಮ ಬಗ್ಗೆ ಕಾನೂನು ಮಾಡುವಾಗ ಸಂಸತ್ತಿಗೆ ಸಲಹೆ ಕೊಡುವ, ಸರ್ಕಾರಗಳು ಮನಸ್ಸಿಗೆ ಬಂದಂತೆ ರದ್ದು ಮಾಡಲಾಗದ ಒಂದು ಮಂಡಳಿ. ತಮ್ಮ ಸಾರ್ವಭೌಮತ್ವ ಆಧ್ಯಾತ್ಮಿಕವಾದದ್ದು, ನೆಲದೊಂದಿಗಿನ ಪೂರ್ವಜರ ನಂಟು ಎಂದು ಅದು ಹೇಳಿದ್ದರಿಂದ ಧರ್ಮಪೀಠಗಳಿಗೆ ಅದರ ಮಾತು ಬೇಗ ಅರ್ಥವಾಯಿತು. ಈ ಹೇಳಿಕೆಗೆ ದಾರಿಮಾಡಿದ ಸಮಾಲೋಚನಾ ಮಂಡಳಿಯ ಸಹ ಅಧ್ಯಕ್ಷರಲ್ಲಿ ಮೆಲ್ಬರ್ನ್‌ನ ಯಹೂದಿ ಮುಖಂಡ, ವಕೀಲ ಮಾರ್ಕ್ ಲೀಬ್ಲರ್ ಒಬ್ಬರು.

2022ರ ಮೇ ತಿಂಗಳಲ್ಲಿ ಅಪರೂಪದ ಸಂಗತಿ ನಡೆಯಿತು. ಆಂಗ್ಲಿಕನ್, ಕ್ಯಾಥೊಲಿಕ್, ಯುನೈಟಿಂಗ್ ಚರ್ಚುಗಳ ಜೊತೆಗೆ ಇಮಾಮರ ರಾಷ್ಟ್ರೀಯ ಮಂಡಳಿ, ಯಹೂದಿಗಳ ಕಾರ್ಯಕಾರಿ ಮಂಡಳಿ, ಬೌದ್ಧ ಸಂಘ, ಸಿಖ್ಖರ ಮಂಡಳಿ, ಹಿಂದೂ ಕೌನ್ಸಿಲ್ ಎಲ್ಲವೂ ಸಿಡ್ನಿಯಲ್ಲಿ ಒಂದೇ ನಿರ್ಣಯಕ್ಕೆ ಸಹಿ ಹಾಕಿ, ಪಕ್ಷಭೇದ ಮರೆತು ಉಲುರು ಹೇಳಿಕೆ ಕೇಳಿದ ದನಿಗಾಗಿ ಜನಮತಗಣನೆ ನಡೆಸಿ ಎಂದವು. ಇವುಗಳನ್ನು ಕೂಡಿಸುವಲ್ಲಿ ಓಡಾಡಿದವರಲ್ಲಿ ಭಾರತೀಯ ಫಿಜಿ ಮೂಲದ ಸಂವಿಧಾನ ತಜ್ಞೆ ಶಿರೀನ್ ಮಾರಿಸ್ ಮುಖ್ಯರು. ಕಬ್ಬಿನ ಗದ್ದೆಯ ಕರಾರು ಕೂಲಿಗಳ ವಂಶದವರು ಮೂಲನಿವಾಸಿಗಳ ಪರ ವಾದ ಕಟ್ಟಿದ್ದು ಗಮನಿಸತಕ್ಕದ್ದು. ಮುಸ್ಲಿಮರಿಗೂ ಈ ನಂಟು ಹೊಸದಲ್ಲ. ಮಕಾಸ್ಸರ್‌ನಿಂದ ಕಡಲಸೌತೆ ಹಿಡಿಯಲು ಬರುತ್ತಿದ್ದ ನಾವಿಕರು ಯೊಲ್ಂಗು ಜನರೊಂದಿಗೆ ಬಿಳಿಯರಿಗಿಂತ ಮೊದಲೇ ವ್ಯಾಪಾರ ಮಾಡುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಅಫ್ಘಾನಿಸ್ತಾನ ಮತ್ತು ಅವಿಭಜಿತ ಭಾರತದಿಂದ ಒಂಟೆಗಳೊಂದಿಗೆ ಹೋದವರಲ್ಲಿ ಹಲವರು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲೇ ಉಳಿದರು.

ಅದೇ ವರ್ಷ ಕ್ಯಾಥೊಲಿಕ್ಕರ ಮಹಾಸಭೆ ಉಲುರು ಹೇಳಿಕೆಯನ್ನು ಅನುಮೋದಿಸಿತು. ಸಂಪ್ರದಾಯನಿಷ್ಠೆಗೆ ಹೆಸರಾದ ಸಿಡ್ನಿಯ ಆಂಗ್ಲಿಕನ್ ಸಿನಾಡ್ ಕೂಡ, ಹೌದು ಎನ್ನುವುದರ ಬಗ್ಗೆ ಉದಾರ ಮನಸ್ಸಿನಿಂದ ಯೋಚಿಸಿ ಎಂದು ತನ್ನ ಸದಸ್ಯರಿಗೆ ಹೇಳಿತು. ಅಳೆದು ತೂಗಿದ ಮಾತು, ಆದರೂ ಆ ಸಿನಾಡ್‌ನಿಂದ ಅಷ್ಟು ಬಂದದ್ದೇ ಸುದ್ದಿ.

ಎದುರು ಪಕ್ಷದಲ್ಲಿಯೂ ಶ್ರದ್ಧಾವಂತರಿದ್ದರು. ‘ಬೇಡ’ ಪ್ರಚಾರದ ಮುಂದಾಳು ವಾರೆನ್ ಮಂಡೀನ್ ಮೂಲನಿವಾಸಿ, ಕ್ಯಾಥೊಲಿಕ್. ಮಾಜಿ ಪ್ರಧಾನಿ ಟೋನಿ ಅಬಟ್ ಒಂದು ಕಾಲಕ್ಕೆ ಪಾದ್ರಿಯಾಗಲು ಸೆಮಿನರಿ ಸೇರಿದ್ದವರು. ಮೂಲನಿವಾಸಿಗಳ ಹೆಸರು ಸಂವಿಧಾನದಲ್ಲಿ ಬರಬೇಕೆಂದು ಅಧಿಕಾರದಲ್ಲಿದ್ದಾಗ ಹೇಳಿದ್ದ ಅವರು ಈ ಮಂಡಳಿಯನ್ನು ಮಾತ್ರ ಒಪ್ಪಲಿಲ್ಲ. ದೇವರ ಮುಂದೆ ಎಲ್ಲರೂ ಸಮಾನರಾಗಿರುವಾಗ ಒಂದು ಜನಾಂಗಕ್ಕೆ ಮಾತ್ರ ಸಂವಿಧಾನದಲ್ಲಿ ಬೇರೆ ಮಂಡಳಿ ಏಕೆ ಎಂಬ ವಾದ ಅನೇಕ ಭಕ್ತರಿಗೆ ಹಿಡಿಸಿತು. ಇದು ಟೊಳ್ಳು ವಾದವೇನಲ್ಲ. ಆದರೆ 1901ರಿಂದ 1967ರವರೆಗೆ ಒಂದು ಜನಾಂಗವನ್ನು ಹೆಸರಿಟ್ಟೇ ಹೊರಗಿಟ್ಟ ಸಂವಿಧಾನದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಫ್ರಾಂಕ್ ಬ್ರೆನನ್ ಬೇರೆ ಬಗೆಯ ತಕರಾರು ಎತ್ತಿದರು. ಸಂಸತ್ತಿನ ಜೊತೆಗೆ ಕಾರ್ಯಾಂಗಕ್ಕೂ ಸಲಹೆ ಕೊಡುವ ಅಧಿಕಾರ ಸೇರಿಸಿದರೆ ಎರಡೂ ಪಕ್ಷಗಳ ಒಪ್ಪಿಗೆ ಸಿಗದು ಎಂದು ಎಚ್ಚರಿಸಿದರು. ಪದಗಳು ಬದಲಾಗಲಿಲ್ಲ. ಅವರು ಹೌದು ಎಂದೇ ಮತ ಹಾಕುವುದಾಗಿ ಹೇಳಿದರು. ಯಹೂದಿ ಸಮುದಾಯದ ಲಿಬರಲ್ ಸಂಸದ ಜೂಲಿಯನ್ ಲೀಸರ್ 2023ರ ಏಪ್ರಿಲ್‌ನಲ್ಲಿ ಪಕ್ಷದ ನಿಲುವಿಗೆ ವಿರುದ್ಧವಾಗಿ ನಿಂತು ಛಾಯಾ ಸಂಪುಟದ ತಮ್ಮ ಸ್ಥಾನವನ್ನೇ ಬಿಟ್ಟರು.

ಮತದಾನ ಅಲ್ಲಿ ಕಡ್ಡಾಯ, ಪೌರತ್ವ ಪಡೆದ ಕನ್ನಡಿಗರೂ ಸರದಿಯಲ್ಲಿ ನಿಲ್ಲಲೇಬೇಕು. 2021ರ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರ ಪೈಕಿ ಇಂಗ್ಲೆಂಡಿನವರನ್ನು ಬಿಟ್ಟರೆ ಭಾರತದಲ್ಲಿ ಹುಟ್ಟಿದವರೇ ಹೆಚ್ಚಿದ್ದರು. ‘ದೇಸೀಸ್ ಫಾರ್ ಯೆಸ್’ ಎಂಬ ತಂಡ ಆ ಸಮುದಾಯದ ನಡುವೆ ಪ್ರಚಾರ ಮಾಡಿತು.

2023ರ ಅಕ್ಟೋಬರ್ 14ರಂದು ಆ ಜನಮತಗಣನೆ ನಡೆದು ಫಲಿತಾಂಶ ಬಂತು. ಹೌದು ಶೇ 39.94, ಬೇಡ ಶೇ 60.06. ಆರು ರಾಜ್ಯಗಳಲ್ಲಿ ಒಂದೂ ಒಪ್ಪಲಿಲ್ಲ. ಅಷ್ಟು ಧರ್ಮಗಳ ಸಹಿ ಹೊತ್ತ ನಿರ್ಣಯ ಪೀಠದಿಂದ ಇಳಿದು ಬೆಂಚಿನವರೆಗೆ ಹೋಗಲಿಲ್ಲ. ನಕ್ಷೆ ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಯಾವ ಧರ್ಮವೂ ಇಲ್ಲ ಎಂದು ಬರೆಸುವವರು ಹೆಚ್ಚಿರುವ ಸಿಡ್ನಿ, ಮೆಲ್ಬರ್ನ್‌ಗಳ ನಗರಮಧ್ಯದ ಕ್ಷೇತ್ರಗಳು ಜೋರಾಗಿ ಹೌದು ಎಂದವು. ಮಸೀದಿ, ಮಂದಿರ, ಚರ್ಚುಗಳು ತುಂಬಿದ ಪಶ್ಚಿಮ ಸಿಡ್ನಿಯ ಬ್ಲ್ಯಾಕ್ಸ್‌ಲ್ಯಾಂಡ್‌ನಂಥ ಕ್ಷೇತ್ರಗಳು ಬೇಡ ಎಂದವು. ಇದನ್ನು ಧರ್ಮದ ಲೆಕ್ಕದಲ್ಲೇ ಓದುವುದು ತಪ್ಪಾದೀತು. ವಿದ್ಯೆ, ವರಮಾನ, ಮನೆ ಸಾಲದ ಕಂತು, ಬೆಲೆಯೇರಿಕೆ ಎಲ್ಲವೂ ಸೇರಿದ್ದವು. ಆದರೂ ಧರ್ಮಗುರುಗಳು ಸಹಿ ಹಾಕುವ ಮುನ್ನ ತಮ್ಮ ಭಕ್ತರೊಂದಿಗೆ ಎಷ್ಟು ಮಾತಾಡಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ. ಮೂಲನಿವಾಸಿಗಳ ದೂರದ ಊರುಗಳಲ್ಲಿ ಚಿತ್ರ ಬೇರೆಯಿತ್ತು. ಹಿಂದೆ ಕ್ಯಾಥೊಲಿಕ್ ಮಿಷನ್‌ಗಳಾಗಿದ್ದ ವಾಡೇಯ್ ಮತ್ತು ತಿವಿ ದ್ವೀಪಗಳ ಮತಗಟ್ಟೆಗಳಲ್ಲಿ ಹೌದು ಎಂದವರೇ ಬಹುಪಾಲು.

ಆಮೇಲಿನ ಕಥೆ ರಾಜ್ಯಗಳಿಗೆ ಸರಿಯಿತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸರ್ಕಾರ ಬದಲಾದ ಕೂಡಲೇ ಮೂಲನಿವಾಸಿಗಳೊಂದಿಗಿನ ಒಪ್ಪಂದದ ಕಾನೂನು ರದ್ದಾಯಿತು. ದಕ್ಷಿಣ ಆಸ್ಟ್ರೇಲಿಯಾ ತನ್ನದೇ ಕಾನೂನಿನಿಂದ ಸಲಹಾ ಮಂಡಳಿ ರಚಿಸಿ 2024ರ ಮಾರ್ಚ್‌ನಲ್ಲಿ ಅದಕ್ಕೆ ಚುನಾವಣೆ ನಡೆಸಿತು. ವಿಕ್ಟೋರಿಯಾದಲ್ಲಿ ಯೂರೂಕ್ ನ್ಯಾಯ ಆಯೋಗ ವಸಾಹತು ಕಾಲದ ಅನ್ಯಾಯಗಳ ವಿಚಾರಣೆ ನಡೆಸುತ್ತಾ 2024ರಲ್ಲಿ ಕ್ಯಾಥೊಲಿಕ್, ಆಂಗ್ಲಿಕನ್, ಯುನೈಟಿಂಗ್ ಚರ್ಚುಗಳ ಮುಖಂಡರನ್ನು ಸಾಕ್ಷಿಗೆ ಕರೆಯಿತು. ಕೇಳಿದ್ದು ಮಾನ್ಯತೆಯ ಬಗೆಗಿನ ಅಭಿಪ್ರಾಯವನ್ನಷ್ಟೇ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರ ಚರ್ಚು, ಶಾಲೆ, ಪಾದ್ರಿಮನೆಗೆಂದು ಪುಕ್ಕಟೆಯಾಗಿ ಕೊಟ್ಟ ನಿವೇಶನಗಳು ಎಷ್ಟು, ಅವುಗಳಲ್ಲಿ ಮಾರಿದ್ದೆಷ್ಟು, ಆ ಹಣದಲ್ಲಿ ನೆಲದ ಮೂಲ ಒಡೆಯರಿಗೆ ಏನು ಸಂದಿತು ಎಂದು ಕೇಳಿತು. ಉಲುರು ಹೇಳಿಕೆಗೆ ಬೆಂಬಲ ಕೊಟ್ಟ ಪೀಠಗಳಿಗೆ ಇದು ಹೊಸ ಬಗೆಯ ಪ್ರಶ್ನೆ. ಉತ್ತರಕ್ಕಾಗಿ ಅವು ತಮ್ಮ ಹಳೆಯ ಆಸ್ತಿಪತ್ರಗಳನ್ನು ತೆಗೆದು ನೋಡಬೇಕಾಯಿತು.